ಕಾದ ಮರಳು

ನಾಲ್ಕು ಗೋಡೆಯ ನಡುವೆ ಕಲಿತ ವಿಜ್ಞಾನ ಅರ್ಧವೇ ಎನ್ನುತ್ತಿದ್ದರು ಆಶ್ರಮದ ದಾನಮ್ಮನವರು. ಒಂದು ಬೇಸಿಗೆಯಲ್ಲಿ ಶಿಷ್ಯೆ ನೀಲಾಂಬಿಕೆಯನ್ನು ಕರೆದುಕೊಂಡು ಹೊಳೆದಂಡೆಗೆ ಹೋಗಿ ಡೇರೆ ಹಾಕಿದರು.

ಡೇರೆಯಿಂದ ಮಾರು ದೂರದಲ್ಲಿ, ಬೆಣಚುಕಲ್ಲುಗಳ ನಡುವೆ, ಥೇಟ್ ಕಲ್ಲಿನ ಹಾಗೇ ಕಾಣುವ ನಾಲ್ಕು ಮೊಟ್ಟೆಗಳಿದ್ದವು. ಅಯ್ಯೋ, ಇಬ್ಬರಲ್ಲಿ ಒಬ್ಬರಾದರೂ ನೋಡಬಾರದಿತ್ತೇ!

ಬೆಳಗಿನಿಂದಲೇ ಒಂದು ಹಕ್ಕಿ ತಲೆಯ ಮೇಲೆ ಸುತ್ತುತ್ತಾ ಬಾಯಿ ಬಡಿದುಕೊಳ್ಳತೊಡಗಿತು.

“ಯಾಕಮ್ಮಾ, ಈ ಹಕ್ಕಿ ಹೀಗೆ ಕೂಗ್ತಿದೆ?”

“ಅದು ಟಿಟ್ಟಿಭ. ಅದು ಕೂಗೋದೇ ಹಾಗೆ.”

ನೀಲಾಂಬಿಕೆ ಆ ಹೆಸರನ್ನು ಎರಡು ಸಲ ಹೇಳಿಕೊಂಡು ಬಾಯಿಪಾಠ ಮಾಡಿದಳು. ಅಲ್ಲಿಗೆ ಹಕ್ಕಿಯ ವಿಚಾರ ಮುಗಿಯಿತು.

ಆಮೇಲೆ ಥರ್ಮಾಮೀಟರನ್ನು ಮರಳಿಗೆ ಚುಚ್ಚಿ ಕೂತಳು. ನೀರಿಗಿಂತ ಮರಳು ಬೇಗ ಕಾಯುತ್ತದೆ ಎನ್ನುವುದು ಅಂದಿನ ಪಾಠ.

ಬಿಸಿಲು ಏರಿತು. ಬಿಸಿಲೆಂದರೆ ಅಂಥಿಂಥ ಬಿಸಿಲಲ್ಲ.

“ನೋಡಿ ಅಮ್ಮಾ, ಪಾದರಸ ಹೇಗೆ ಏರ್ತಿದೆ!”

“ಭೇಷ್,” ಎಂದರು ದಾನಮ್ಮ. ಅವರಿಗೂ ಖುಷಿಯೇ.

ಹಕ್ಕಿ ಕೆಳಗಿಳಿಯಿತು, ಇವರನ್ನು ಕಂಡು ಹೆದರಿ ಹಾರಿತು. ಮತ್ತೆ ಇಳಿಯಿತು, ಮತ್ತೆ ಹಾರಿತು.

“ಥೂ, ಏನಿದರ ಗಲಾಟೆ!” ಎಂದು ನೀಲಾಂಬಿಕೆ ಕೈಬೀಸಿ ಓಡಿಸಿದಳು.

ಇಳಿಹೊತ್ತಿನಲ್ಲಿ ಡೇರೆಯ ಹಗ್ಗಕ್ಕೆ ಕಲ್ಲು ಹುಡುಕುತ್ತಾ ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಕೈಗೆ ಬಂದದ್ದು ಕಲ್ಲಲ್ಲ, ಮೊಟ್ಟೆ. ಸಿಪ್ಪೆಯಲ್ಲಿ ಒಂದು ಬಿರುಕು, ಬಿರುಕಿನಲ್ಲಿ ಪುಟ್ಟ ಕೊಕ್ಕು. ಕೊಕ್ಕು ಅಲುಗಾಡಲಿಲ್ಲ. ಉಳಿದ ಮೂರೂ ಮುಟ್ಟಿದರೆ ಸುಡುತ್ತಿದ್ದವು.

“ಅಮ್ಮಾ…”

ದಾನಮ್ಮ ಬಂದು ನೋಡಿದರು. ಮೊಟ್ಟೆಯನ್ನು ಇದ್ದಲ್ಲೇ ಇಡಿಸಿದರು. ಇಬ್ಬರೂ ಡೇರೆ ಬಿಚ್ಚಿ, ಗಂಟು ಹೊತ್ತು, ದೂರ ಹೋಗಿ ಕೂತರು.

ಆಗ ಹಕ್ಕಿ ಹೊಳೆಗಿಳಿಯಿತು. ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಓಡೋಡಿ ಬಂದು ಮೊಟ್ಟೆಗಳ ಮೇಲೆ ಕೂತಿತು, ತಂಪು ಮಾಡಲು. ಎದ್ದು ಮತ್ತೆ ನೀರಿಗೆ ಹೋಯಿತು. ಮತ್ತೆ ಒದ್ದೆಯಾಗಿ ಬಂತು.

ನೀಲಾಂಬಿಕೆಗೆ ದುಃಖ ತಡೆಯಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು.

“ಎಂಥ ಪಾಪ ಮಾಡಿಬಿಟ್ಟೆ ಅಮ್ಮಾ! ಅಷ್ಟು ಕೂಗಿಕೊಂಡರೂ ನನಗೆ ತಿಳೀಲಿಲ್ವಲ್ಲ. ಇನ್ನು ನನಗೆ ಯಾವ ಪಾಠವೂ ಬೇಡ.”

ದಾನಮ್ಮ ಹಕ್ಕಿಯ ಮೇಲಿಂದ ಕಣ್ಣು ತೆಗೆಯಲಿಲ್ಲ.

“ನೀನು ಯಾಕೆ ಅಂತ ಕೇಳಿದ್ದೆ ಮಗಳೇ. ನಾನೇ ಒಂದು ಹೆಸರು ಹೇಳಿ ನಿನ್ನ ಬಾಯಿ ಮುಚ್ಚಿಸಿದೆ.”