ಹಳ್ಳದ ದಂಡೆಯ ಮೂರು ಕಲ್ಲುಗಳು

ಒಂದು ಕಿರಿದಾದ ಹಳ್ಳದ ದಂಡೆಯಲ್ಲಿ ಮೂರು ಉದ್ದನೆಯ ಶಂಕುಸ್ಥಾಪನೆ ಕಲ್ಲುಗಳು ನಿಂತಿದ್ದವು. ಮೂರೂ ಒಂದೇ ಸೇತುವೆಯವು. ಶಾಸಕ ಹೊನ್ನೇಗೌಡರು ಮೊದಲು ಗೆದ್ದಾಗ ಒಂದು, ಪಕ್ಷ ಬಿಟ್ಟು ಮತ್ತೆ ಗೆದ್ದಾಗ ಒಂದು, ಮಂತ್ರಿಯಾದಾಗ ಒಂದು ನೆಡಿಸಿದ್ದರು. ಸೇತುವೆ ಮಾತ್ರ ಆಗಿರಲಿಲ್ಲ.

ಒಂದು ದಿನ ಹಳ್ಳದ ನೀರು ಏರತೊಡಗಿತು. ಮೇಕೆಯೊಂದರ ಮರಿ ಆಚೆ ದಡದಲ್ಲಿ ಉಳಿದಿತ್ತು. ಮೇಕೆ ಓಡಿಬಂದು, "ಅಣ್ಣಂದಿರಾ, ಯಾರಾದರೂ ಒಬ್ಬರು ಅಡ್ಡ ಮಲಗಿ, ದಾಟಿಹೋಗುತ್ತೇನೆ" ಎಂದು ಬೇಡಿತು.

"ಮಲಗಿದರೆ ಸಾಹೇಬರ ಹೆಸರು ಯಾರಿಗೆ ಕಾಣುತ್ತದೆ?" ಎಂದಿತು ಹೊಸ ಕಲ್ಲು.

"ಚುನಾವಣೆ ಘೋಷಣೆಯಾದಾಗ ಅಧಿಕಾರಿಗಳು ನಮ್ಮ ಹೆಸರಿನ ಮೇಲೆ ಕಾಗದ ಅಂಟಿಸುತ್ತಾರೆ. ಆಗ ಬಾ, ನಮಗೆ ಬಿಡುವಿರುತ್ತದೆ" ಎಂದಿತು ನಡುವಿನದು.

"ನನಗೆ ಓದಲು ಬರುವುದಿಲ್ಲಣ್ಣ. ಮರಿ ಮುಳುಗುತ್ತದೆ!"

ನಿಂತು ನಿಂತು ಹಳೆಯ ಕಲ್ಲಿಗೆ ಸಾಕಾಗಿತ್ತು. ಬುಡದ ಮಣ್ಣೂ ಸಡಿಲವಾಗಿತ್ತು, ಹಾಗಾಗಿ ಅದು ಮೆಲ್ಲಗೆ ಬಾಗಿ, ಹೆಸರು ಕೆಳಗಾಗಿ, ಹಳ್ಳಕ್ಕೆ ಅಡ್ಡ ಬಿದ್ದಿತು. ಮೇಕೆ ಅದರ ಬೆನ್ನ ಮೇಲೆ ಹಾದು ಮರಿಯನ್ನು ಸೇರಿತು.

"ಅಯ್ಯೋ, ಹೆಸರು ಹೋಯಿತಲ್ಲಯ್ಯಾ!" ಎಂದು ಉಳಿದೆರಡೂ ಕೂಗಿದವು.

"ಹೋಗಲಿ ಬಿಡಿ" ಎಂದಿತು ಹಳೆಯ ಕಲ್ಲು. "ಹದಿನೈದು ವರ್ಷಗಳಲ್ಲಿ ನಮ್ಮಿಂದ ದಾಟಿದ್ದು ಇವಳೊಬ್ಬಳೇ."