ತಲೆಯಾಡಿಸುವ ಗೊಂಬೆ

"ಸರ್, ಯಂತ್ರ ಸರಿಯಾದ ಉತ್ತರವನ್ನೇ ಕೊಡುತ್ತಿರುವಾಗ, ಅದು ಯಾಕೆ ಸರಿ ಅಂತ ನಾವು ಸಾಧಿಸಿ ತೋರಿಸಲೇಬೇಕೇ?" ಎಂದು ಕೇಳಿದಳು ಇಂದುಮತಿ. ಆಕೆ ಕಂಪ್ಯೂಟರ್ ವಿಜ್ಞಾನದಲ್ಲಿ ಸಂಶೋಧನೆ ಮುಗಿಸಿ, ತಾನು ಓದಿದ ಕಾಲೇಜಿನಲ್ಲೇ ಪಾಠ ಹೇಳಲು ಹೊರಟಿದ್ದಳು. ಇನ್ನು ಮುಂದೆ ಆ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವುದು ಬೇಡವೆಂದು ಅಂದು ಬೆಳಿಗ್ಗೆಯಷ್ಟೇ ತೀರ್ಮಾನವಾಗಿತ್ತು. ಅದನ್ನೇ ಕಲಿಸುತ್ತ ತಲೆ ಹಣ್ಣಾದ ಗುರು ಪಂಚಾಕ್ಷರಯ್ಯನವರು ವಾದಕ್ಕಿಳಿಯಲಿಲ್ಲ. ಕತೆ ಹೇಳಿದರು.

ಒಂದು ಊರಿಗೆ ಒಬ್ಬ ವ್ಯಾಪಾರಿ ಮರದ ಗೊಂಬೆಯೊಂದನ್ನು ತಂದ. ಏನು ಕೇಳಿದರೂ ಅದು ಹೌದು ಅಥವಾ ಅಲ್ಲ ಎಂದು ತಲೆಯಾಡಿಸುತ್ತಿತ್ತು. ತಪ್ಪಿಸಿಕೊಂಡ ಹಸು ಕಾಡಿನಲ್ಲಿದೆಯೇ ಎಂದರು, ಹೌದೆಂದಿತು, ಹಸು ಸಿಕ್ಕಿತು. ಇಲ್ಲಿ ಬಾವಿ ತೋಡೋಣವೇ ಎಂದರು, ಹೌದೆಂದಿತು, ನೀರು ಬಂತು. ಊರಿಗೆ ಊರೇ ಗೊಂಬೆಗೆ ಮಾರುಹೋಯಿತು.

ಆ ಊರಲ್ಲಿ ಒಬ್ಬ ತರ್ಕದ ಪಂಡಿತನಿದ್ದ. ಇದರಿಂದ ಇದು ಹೇಗೆ ಬಂತು ಎಂದು ಕೇಳಿ ಕೇಳಿ ಮಕ್ಕಳ ತಲೆ ತಿನ್ನುವುದೇ ಅವನ ಕಸುಬು. ಗೊಂಬೆ ಬಂದ ಮೇಲೆ ಅವನ ಪಾಠ ಯಾರಿಗೆ ಬೇಕು? ಶಾಲೆಗೆ ಬೀಗ ಬಿತ್ತು. ಪಂಡಿತ ಜಗಲಿಯ ಮೇಲೆ ಕುಳಿತೇ ಮುದುಕನಾದ.

ಒಮ್ಮೆ ಊರ ಕಣಜದಲ್ಲಿ ಕಳವಾಯಿತು. ಒಬ್ಬ ಕುಂಬಾರನನ್ನು ಹಿಡಿದು ತಂದರು. ಕದ್ದವನು ಇವನೇ ಏನು ಎಂದಾಗ ಗೊಂಬೆ ಹೌದೆಂದಿತು. ಗಲ್ಲಿಗೆ ಹಾಕಲು ಅಣಿಯಾದರು.

ಕುಂಬಾರನ ಹೆಂಡತಿ ಓಡಿಬಂದು ಪಂಡಿತನ ಕಾಲು ಹಿಡಿದಳು. "ಅಯ್ನೋರೇ, ಯಾಕೆ ಅಂತ ಕೇಳೋಕೆ ಬರೋದು ಈ ಊರಲ್ಲಿ ನಿಮಗೊಬ್ಬರಿಗೇ. ನನ್ನ ಗಂಡನ್ನ ಉಳಿಸಿಕೊಡಿ." ತನ್ನ ವಿದ್ಯೆ ಒಬ್ಬರಿಗಾದರೂ ನೆನಪಿದೆಯಲ್ಲ ಎಂದು ಮುದುಕನ ಕಣ್ಣು ತುಂಬಿತು. ಕೋಲೂರಿಕೊಂಡು ಚಾವಡಿಗೆ ಹೋದ.

"ಕಳವಾದ ದಿನವೆಲ್ಲ ಕುಂಬಾರ ಹೊಳೆಯ ಆಚೆ ದಡದಲ್ಲಿದ್ದ. ನೀವೇ ಕಂಡಿದ್ದೀರಿ. ಅಂದು ಹೊಳೆ ತುಂಬಿ ಯಾರೂ ದಾಟುವಂತಿರಲಿಲ್ಲ. ಅದನ್ನೂ ಕಂಡಿದ್ದೀರಿ. ಕಣಜ ಇರುವುದು ಈಚೆ ದಡದಲ್ಲಿ. ಅಂದ ಮೇಲೆ ಇವನು ಕದ್ದಿರಲು ಸಾಧ್ಯವೇ?"

ಜನ ಮುಖ ಮುಖ ನೋಡಿಕೊಂಡರು. ಒಂದೊಂದು ಮಾತೂ ನಿಜವೆಂದು ಒಪ್ಪಿದರು. ಎಲ್ಲವನ್ನೂ ಸೇರಿಸಿ ನೋಡುವುದು ಮಾತ್ರ ಒಬ್ಬರಿಗೂ ಬರಲಿಲ್ಲ. ಅವರೇನು ಕೆಟ್ಟವರಲ್ಲ. ಕಲಿಸಿದವರಿರಲಿಲ್ಲ, ಅಷ್ಟೇ.

ಊರ ಗೌಡ ಕೈಮುಗಿದ. "ನೀವು ಹೇಳೋದು ಸರಿ ಅಂತ್ಲೇ ಕಾಣ್ತದೆ ಅಯ್ನೋರೇ. ಆದರೂ ಒಂದು ಜೀವದ ಪ್ರಶ್ನೆ ನೋಡಿ, ಯಾವುದಕ್ಕೂ ಒಂದು ಮಾತು ಕೇಳಿಬಿಡೋಣ." ಹಾಗೆಂದು ಗೊಂಬೆಯ ಕಡೆ ತಿರುಗಿ, ಪಂಡಿತನ ವಾದ ಸರಿಯೇ ಎಂದು ಕೇಳಿದ.

ಅಲ್ಲ ಎಂದು ಗೊಂಬೆ ತಲೆಯಾಡಿಸಿತು.

ಕುಂಬಾರನನ್ನು ಕರೆದೊಯ್ದರು. ಅವನ ಹೆಂಡತಿ ಅಳಲಿಲ್ಲ, ಪಂಡಿತನ ಮುಖವನ್ನೇ ನೋಡುತ್ತ ನಿಂತಳು. ತಾನು ಹೇಳಿದ್ದು ಸರಿಯೆಂದು ಮುದುಕನಿಗೆ ಗೊತ್ತಿತ್ತು. ಗೊತ್ತಿದ್ದದ್ದು ಅವನೊಬ್ಬನಿಗೇ. ಇಷ್ಟು ವರ್ಷ ಬದುಕಿದ್ದಕ್ಕೇ ಅವನಿಗೆ ಹೇಸಿಗೆಯಾಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಇಂದುಮತಿಗೆ ತಡೆಯಲಾಗಲಿಲ್ಲ. "ಗೊಂಬೆ ಹೇಳಿದ್ದು ಶುದ್ಧ ತಪ್ಪು, ಸರ್!"

"ಅದು ನಿನಗೆ ತಿಳಿಯಿತು, ನಿನ್ನ ವಿದ್ಯಾರ್ಥಿಗಳು ಗೊಂಬೆಯನ್ನೇ ಕೇಳಬೇಕಾಗುತ್ತದಮ್ಮಾ."