ಎರಡು ಸಮೋಸ, ನಾಲ್ಕು ಪ್ಲಗ್ಗು

ಒಂದು ಹೊಳೆ. ಹೊಳೆ ದಂಡೆಯಲ್ಲಿ ಒಂದು ಮಠ. ಮಠದಲ್ಲಿ ಗದ್ದುಗೆ ಇತ್ತು, ದಾಸೋಹ ಇತ್ತು, ಹುಣಸೆಮರದ ಕೆಳಗೆ ಒಂದು ಕೆಂಪು ಸ್ಪೋರ್ಟ್ಸ್ ಕಾರೂ ಇತ್ತು.

ನಗಬೇಡಿ, ನಿಜವಾಗಿ ಇತ್ತು.

ಮಠದ ಗುರುಗಳು ಗುರುಮಲ್ಲಯ್ಯನವರು. ಕಾವಿ ಉಡೋಕೆ ಮುಂಚೆ ಅವರು ರೇಸಿನ ಕಾರು ಓಡಿಸುತ್ತಿದ್ದರಂತೆ. ಅವರನ್ನೇ ಕೇಳಿದರೆ, "ಆಗ ಮೈದಾನ ಸುತ್ತುತ್ತಿದ್ದೆ, ಈಗ ಗದ್ದುಗೆ ಸುತ್ತುತ್ತೀನಿ, ತಲೆ ಮಾತ್ರ ಎರಡು ಕಡೆಯೂ ತಿರುಗುತ್ತೆ" ಅನ್ನುತ್ತಿದ್ದರು.

ಶಿಷ್ಯನ ಹೆಸರು ರಾಚ. ಊರಿನವರು ಇಟ್ಟ ಹೆಸರು ಅರೆರಾಚ.

ಸುಮ್ಮನೆ ಇಟ್ಟಿರಲಿಲ್ಲ. ಟೈಲರ್ ಹತ್ತಿರ ಸೇರಿ, ಅಂಗಿಗೆ ಒಂದು ತೋಳು ಹೊಲಿದು ಎದ್ದು ಬಂದಿದ್ದ. ಬ್ಯಾಂಡ್‌ಸೆಟ್ಟಿಗೆ ಸೇರಿ, ಮೆರವಣಿಗೆ ನಡುಬೀದಿಯಲ್ಲಿರುವಾಗಲೇ ಡೋಲು ಕೆಳಗಿಟ್ಟು ಮನೆಗೆ ಹೋಗಿದ್ದ. ಈಜು ಕಲಿಯೋಕೆ ಹೋಗಿ ಹೊಳೆ ಮಧ್ಯದಲ್ಲಿ ಬೇಜಾರು ಮಾಡಿಕೊಂಡಿದ್ದ. ಅವತ್ತು ದೋಣಿಯವನು ಪುಣ್ಯಾತ್ಮ.

ಮಠದಲ್ಲಿ ಮಾತ್ರ ಅವನನ್ನು ಯಾರೂ ಅರೆರಾಚ ಅನ್ನುತ್ತಿರಲಿಲ್ಲ. ಪ್ರಪಂಚದಲ್ಲಿ ಅವನು ಪೂರ್ತಿ ರಾಚನಾಗಿದ್ದದ್ದು ಅದೊಂದೇ ಜಾಗದಲ್ಲಿ.

ಒಂದು ದಿನ ಮಧ್ಯಾಹ್ನ ಮಠದ ಮುಂದೆ ಗುಜರಿ ಲಾರಿ ಬಂದು ನಿಂತಿತು. ಲಾರಿಯಿಂದ ಗುಜರಿ ಅಂಗಡಿಯ ಇದಾಯತ್ ಇಳಿದು, ಕಾರಿನ ಸುತ್ತ ಒಂದು ಸುತ್ತು ಬಂದು, ಹಗ್ಗ ತೆಗೆದ.

ರಾಚ ಓಡಿ ಬಂದ.

"ಬುದ್ಧೀ, ಕಾರು ಗುಜರಿಗಾ?"

"ಓಡದ ಕಾರು ಮಠಕ್ಕೆ ಯಾಕಪ್ಪಾ? ಕೂತಲ್ಲೇ ಕೂರೋಕೆ ನಾನಿದ್ದೀನಲ್ಲ."

"ಪ್ಲಗ್ಗು ಸವೆದಿದೆ, ಅಷ್ಟೇ. ಹೊಸವು ಬಂದು ಡಬ್ಬದಲ್ಲೇ ಕೂತಿವೆ. ನಾನು ಹಾಕ್ತೀನಿ."

"ಹೋದ ತಿಂಗಳೂ ಹಾಗೇ ಅಂದೆ. ಎಡಗಡೆ ಚಕ್ರ ಬಿಚ್ಚಿ ಕಲ್ಲು ಕೊಟ್ಟು ನಿಲ್ಲಿಸಿ ಹೋದೆ."

"ಅಂದ್ರೆ ಅರ್ಧ ಕೆಲಸ ಆಗೇ ಇದೆ, ಬುದ್ಧೀ."

ಇದಾಯತ್ ಬೀಡಿ ಬಾಯಲ್ಲಿಟ್ಟುಕೊಂಡೇ ನಕ್ಕ.

ಗುರುಗಳು ನಗಲಿಲ್ಲ. "ಆಗದಿದ್ದರೆ?"

ರಾಚ ಕಾರು ನೋಡಿದ, ಲಾರಿ ನೋಡಿದ, ಆಮೇಲೆ ಗುರುಗಳ ಕಾಲು ನೋಡಿದ.

"ಆಗದಿದ್ರೆ ಕಾರಿನ ಜೊತೆ ನಾನೂ ಲಾರಿ ಹತ್ತುತ್ತೀನಿ. ಊರಿಗೆ ಹೋಗ್ತೀನಿ. ತಿರುಗಿ ಬರೋಲ್ಲ."

"ಮಾತು ಪೂರ್ತಿ ಆಯ್ತಾ?"

"ಆಯ್ತು, ಬುದ್ಧೀ."

"ಹಾಗಾದರೆ ನೀನು ಪೂರ್ತಿ ಮಾಡಿದ್ದು ಇದೇ ಮೊದಲು." ಗುರುಗಳು ಇದಾಯತ್ ಕಡೆ ತಿರುಗಿದರು. "ಊಟ ಮಾಡಯ್ಯ. ಮರದ ಕೆಳಗೆ ಒಂದು ನಿದ್ದೆ ತೆಗಿ. ಎದ್ದಮೇಲೆ ಯಾವುದನ್ನ ಹೊರಬೇಕೋ ಹೊತ್ಕೊಂಡು ಹೋಗು."

ಈ ಕಾರಿನ ಎಂಜಿನ್ನು ಎಲ್ಲಾ ಕಾರಿನ ಥರ ಅಲ್ಲ. ಬೇರೆ ಕಾರುಗಳಲ್ಲಿ ಪಿಸ್ಟನ್ ಮೇಲೆ ಕೆಳಗೆ ಕುಣಿಯುತ್ತೆ. ಇದರಲ್ಲಿ ಸಮೋಸದಂಥ ಮೂರು ಮೂಲೆಯ ಒಂದು ಕಬ್ಬಿಣ ಗಿರಗಿರ ಸುತ್ತುತ್ತೆ. ಅಂಥವು ಎರಡು. ಮುಂದೊಂದು, ಅದರ ಹಿಂದೊಂದು. ಒಂದೊಂದು ಸಮೋಸಕ್ಕೆ ಎರಡೆರಡು ಪ್ಲಗ್ಗು. ಕೆಳಗೊಂದು, ಮೇಲೊಂದು.

ರಾಚ ಚಕ್ರವಿಲ್ಲದ ಸಂದಿಯಲ್ಲಿ ತೂರಿಕೊಂಡ. ಪ್ಲಗ್ಗಿನ ಪಾನಾ ಹಾಕಿ ಹಳೆಯವನ್ನು ಬಿಚ್ಚಿ ತಂದು ಗುರುಗಳ ಅಂಗೈಗೆ ಹಾಕಿದ. ನಾಲ್ಕರ ತುದಿಯೂ ಅಜ್ಜಿಯ ಹಲ್ಲಿನ ಹಾಗೆ ಸವೆದಿತ್ತು.

"ಕಿಡಿ ಹಾರೋಕೆ ತುದಿ ಬೇಕು. ಇವಕ್ಕೆ ತುದಿಯೇ ಇಲ್ಲ" ಅಂದರು ಗುರುಗಳು. ಹೊಸ ಡಬ್ಬ ತೆರೆದರು. "ನೀಲಿ ಗೆರೆಯವು ಎರಡು, ಮುಂದಿನವು. ಕೆಂಪು ಗೆರೆಯವು ಎರಡು, ಹಿಂದಿನವು. ವೈರಿಗೂ ಅದೇ ಬಣ್ಣದ ಪಟ್ಟಿ ಸುತ್ತಿದೆ. ಕಲಸಬೇಡ."

"ಇಷ್ಟೇನಾ?"

"ಇಷ್ಟೇ."

ರಾಚ ನೀಲಿಯವೆರಡನ್ನೂ ಮುಂದಿನ ಸಮೋಸಕ್ಕೆ ಹಾಕಿದ. ಕೆಂಪಿನವೆರಡನ್ನೂ ಹಿಂದಿನ ಸಮೋಸಕ್ಕೆ ಹಾಕಿದ. ನೀಲಿ ವೈರು ನೀಲಿಗೆ, ಕೆಂಪು ವೈರು ಕೆಂಪಿಗೆ. ಮೊದಲು ಬೆರಳಲ್ಲಿ ತಿರುಗಿಸಿ ಕೂರಿಸಿ, ಆಮೇಲೆ ಪಾನಾದಲ್ಲಿ ಬಿಗಿದ. ಜನ್ಮದಲ್ಲಿ ಅಷ್ಟು ನೀಟಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಒಳಗೆ ಕೂತು ಕೀ ತಿರುಗಿಸಿದ.

ಎಂಜಿನ್ನು ಗರಗರ ಅಂತು. ಕೆಮ್ಮಿತು. ಆಮೇಲೆ ಹಿಂದುಗಡೆ ಕೊಳವೆಯಿಂದ ಢಮಾರ್ ಅಂತ ಒಂದು ಶಬ್ದ ಬಂತು. ಹುಣಸೆಮರದ ಕಾಗೆಗಳೆಲ್ಲ ಹೊಳೆ ದಾಟಿಕೊಂಡವು.

ಮರದ ಕೆಳಗೆ ಇದಾಯತ್ ಎದ್ದು ಕೂತ.

ರಾಚ ಕೀ ಬಿಟ್ಟು ಅವನ ಕಡೆ ನೋಡಿದ. ಗಡುವು ಇದ್ದದ್ದೇ ಅವನ ನಿದ್ದೆವರೆಗೆ. ಅದನ್ನು ಕೆಡಿಸಿದವನೂ ತಾನೇ.

ಗುರುಗಳು ಕೇಳಿದರು, "ಎದ್ದೆಯೇನಯ್ಯಾ?"

"ಈ ಸದ್ದಿಗೆ ಗೋರಿಯಲ್ಲಿರೋರೂ ಏಳ್ತಾರೆ ಸ್ವಾಮಿ." ಇದಾಯತ್ ಕಣ್ಣುಜ್ಜಿಕೊಂಡ, ರಾಚನ ಮುಖ ನೋಡಿದ. "ಆದ್ರೆ ಇದು ಎಬ್ಬಿಸಿದ್ದು, ಎದ್ದಿದ್ದಲ್ಲ. ಲೆಕ್ಕಕ್ಕಿಲ್ಲ." ಟವೆಲನ್ನು ಮುಖಕ್ಕೆ ಎಳೆದುಕೊಂಡು ಮತ್ತೆ ಮಲಗಿಬಿಟ್ಟ.

ರಾಚ ನಾಲ್ಕೂ ಬಿಚ್ಚಿದ. ಒರೆಸಿದ. ನಾಲ್ಕನ್ನೂ ಹಾಗೇ ಮತ್ತೆ ಹಾಕಿದ, ಈ ಸಲ ಹಲ್ಲು ಕಚ್ಚಿಕೊಂಡು. ತಪ್ಪು ಅದೇ, ಹಲ್ಲು ಕಚ್ಚಿದ್ದೊಂದೇ ಹೊಸದು.

ಎಂಜಿನ್ನು ಮತ್ತೆ ಕೆಮ್ಮಿತು, ಮತ್ತೆ ಸತ್ತಿತು. ಪೆಟ್ರೋಲಿನ ನಾತ ಅಡುಗೆಮನೆವರೆಗೂ ಹೋಯಿತು.

ಅಡುಗೆಯ ದೇವಮ್ಮಣ್ಣಿ ಹಿತ್ತಲಿಂದಲೇ ಕೂಗಿದಳು. "ರಾಚಣ್ಣ, ಲಾರೀಲಿ ಮುಂದೆ ಕೂರ್ತೀಯೋ, ಹಿಂದೆ ಕೂರ್ತೀಯೋ? ಹಿಂದೆ ಆದ್ರೆ ಗಾಳಿ ಚೆನ್ನಾಗಿರ್ತದೆ!"

ರಾಚನಿಗೆ ರೇಗಿತು. ಬೇರೆ ದಿನವಾಗಿದ್ದರೆ ಪಾನಾ ಎಸೆದು ಹೊರಟುಬಿಡುತ್ತಿದ್ದ. ಇವತ್ತು ಪಾನಾ ಗಟ್ಟಿಯಾಗಿ ಹಿಡಿದು ಗುರುಗಳ ಹತ್ತಿರ ಹೋದ.

"ನೀವು ಹೇಳಿದ ಹಾಗೇ ಮಾಡಿದೀನಿ, ಬುದ್ಧೀ. ಹತ್ತುತ್ತಿಲ್ಲ."

"ಒಲೆ ಹತ್ತಿಸ್ತೀಯಾ? ರಾತ್ರಿ ದಾಸೋಹಕ್ಕೆ ಅನ್ನ ಇಡಬೇಕು."

"ಈಗಲಾ? ಇದಾಯತಣ್ಣ ಎದ್ದುಬಿಟ್ರೆ?"

"ಅನ್ನ ಬೇಯದಿದ್ದರೂ ಅವನು ಏಳುತ್ತಾನೆ."

ರಾಚ ಗೊಣಗುತ್ತಾ ಒಲೆ ಮುಂದೆ ಕೂತ. ತೆಂಗಿನ ಗರಿ ಮುರಿದು ಸೌದೆಯ ಅಡಿಗೆ ತುರುಕಿದ. ಕಡ್ಡಿ ಗೀರಿದ. ಗರಿ ಹತ್ತಿತು. ಉರಿ ಮೇಲಿನ ಸೌದೆಗೆ ಹಬ್ಬಿತು.

"ಕಡ್ಡಿ ಎಲ್ಲಿಗೆ ಇಟ್ಟೆ?" ಅಂದರು ಗುರುಗಳು.

"ಕೆಳಗೆ."

"ಮೇಲಿನ ಸೌದೆಗೆ ಯಾರು ಹಚ್ಚಿದರು?"

"ಅದಕ್ಕೆ ಯಾರು ಹಚ್ಚಬೇಕು ಬುದ್ಧೀ? ಕೆಳಗಿಂದು ಮುಂದೆ ಹೊತ್ತುತ್ತೆ, ಮೇಲಿಂದು ಅದರ ಹಿಂದೆ..."

ರಾಚ ಕೈಯಲ್ಲಿದ್ದ ಗರಿ ಕೆಳಗಿಟ್ಟ. ಒಲೆ ನೋಡಿದ. ಕಾರಿನ ಕಡೆ ನೋಡಿದ.

"ಬುದ್ಧೀ."

"ಹೂಂ."

"ಮುಂದಿನದು ಅಂದ್ರೆ ಕಾರಿನ ಮೂತಿ ಕಡೆದಲ್ಲ."

"ಅಲ್ಲ."

"ಮುಂದಾಗಿ ಹೊತ್ತೋದು. ಒಂದೊಂದು ಸಮೋಸಕ್ಕೂ ಕೆಳಗೆ ನೀಲಿ, ಮೇಲೆ ಕೆಂಪು."

"ನೀನು ಜಾಗ ಅಂದುಕೊಂಡೆ. ನಾನು ಹೊತ್ತು ಹೇಳಿದೆ."

"ಅದನ್ನ ಬಿಡಿಸಿ ಹೇಳಬಾರದಿತ್ತಾ?"

"ಬಿಡಿಸಿ ಕೇಳಬಾರದಿತ್ತಾ?"

ಉತ್ತರ ಕೊಡೋಕೆ ರಾಚ ಅಲ್ಲಿರಲಿಲ್ಲ. ಆಗಲೇ ಕಾರಿನ ಅಡಿಯಲ್ಲಿದ್ದ.

ನಾಲ್ಕನ್ನೂ ಬಿಚ್ಚಿ ತಂದ. ಪೆಟ್ರೋಲು ಮೆತ್ತಿ ನೆಂದಿದ್ದವು. ಅಂಗಳದಲ್ಲಿ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಕಾದ ಕಲ್ಲಿನ ಮೇಲಿಟ್ಟು ಆರಿಸಿದ. ನೀಲಿ ಕೆಳಗೆ, ಕೆಂಪು ಮೇಲೆ. ನೀಲಿ ಕೆಳಗೆ, ಕೆಂಪು ಮೇಲೆ. ವೈರು ಚುಚ್ಚುವಾಗ ಪ್ರತಿಸಲವೂ ಜೋರಾಗಿ ಹೇಳಿಕೊಂಡ. ದೇವಮ್ಮಣ್ಣಿ ಮಂತ್ರ ಅಂದುಕೊಂಡು ಕೈಮುಗಿದಳು. ಚಕ್ರ ಎತ್ತಿ ಕೂರಿಸಿ ನಟ್ಟು ಬಿಗಿದು ಕಲ್ಲು ತೆಗೆದ.

ಕೀ ತಿರುಗಿಸಿದರೆ ಎಂಜಿನ್ನು ಒಂದು ಸುತ್ತು ನರಳಿ ನಿಂತಿತು. ಬ್ಯಾಟರಿ ಮುಗಿದಿತ್ತು.

ರಾಚ ಹಣೆಯನ್ನು ಸ್ಟೀರಿಂಗಿಗೆ ಒರಗಿಸಿದ.

ಕಾರಿನ ಪಕ್ಕ ಗಡಗಡ ಶಬ್ದವಾಯಿತು. ತಲೆ ಎತ್ತಿದರೆ ಲಾರಿ. ಇದಾಯತ್ ಕೈಯಲ್ಲಿ ದಪ್ಪ ವೈರು ಹಿಡಿದುಕೊಂಡು ಇಳಿದ.

"ಎದ್ದುಬಿಟ್ಯಾ ಇದಾಯತಣ್ಣ?" ರಾಚನ ದನಿ ಸೋತಿತ್ತು.

"ನಿದ್ದೇಲಿ ನಡಿಯೋ ಚಾಳಿ ನಂಗೆ" ಅಂದ ಇದಾಯತ್. ತನ್ನ ಲಾರಿಯ ಬ್ಯಾಟರಿಯಿಂದ ಕಾರಿನ ಬ್ಯಾಟರಿಗೆ ವೈರು ಕಚ್ಚಿಸಿದ.

ಗುರುಗಳು ಕೇಳಿದರು, "ಕಾರು ಹತ್ತಿದರೆ ನೀನು ಖಾಲಿ ಲಾರಿ ಹೊಡ್ಕೊಂಡು ಹೋಗಬೇಕಲ್ಲಯ್ಯಾ?"

"ಹೋಗ್ತೀನಿ ಬಿಡಿ ಸ್ವಾಮಿ. ಸಮೋಸ ಸುತ್ತೋ ಸದ್ದು ಒಂದ್ಸಲ ಕೇಳಬೇಕು."

ರಾಚ ಕೀ ತಿರುಗಿಸಿದ. ಈಗ ಎಂಜಿನ್ನು ಜೋರಾಗಿ ಸುತ್ತಿತು. ಆದರೆ ಹತ್ತಲಿಲ್ಲ. ಆಗ ಕುಡಿದ ಪೆಟ್ರೋಲು ಇನ್ನೂ ಒಳಗೇ ತುಂಬಿಕೊಂಡಿತ್ತು.

"ಕುಡಿದು ಬಿದ್ದಿದೆ, ಬುದ್ಧೀ. ಏನು ಮಾಡ್ಲಿ?"

"ಎಕ್ಸಿಲರೇಟರ್ ತುಳಿ."

"ತುಳಿದ್ರೆ ಇನ್ನಷ್ಟು ಕುಡಿಯಲ್ವಾ?"

"ಅರ್ಧ ತುಳಿದರೆ ಕುಡಿಯುತ್ತೆ. ಪೂರ್ತಿ ತುಳಿದು ಕೀ ತಿರುಗಿಸಿದರೆ ಪೆಟ್ರೋಲು ನಿಲ್ಲುತ್ತೆ, ಗಾಳಿ ಮಾತ್ರ ಒಳಗೆ ಹೋಗುತ್ತೆ. ಮಾಡಿದವನು ಹಾಗೆ ಮಾಡಿಟ್ಟಿದ್ದಾನೆ."

ರಾಚ ತುಳಿದ. ನೆಲ ಮುಟ್ಟೋವರೆಗೆ ತುಳಿದ. ಕೀ ತಿರುಗಿಸಿದ. ಗರಗರಗರ. ಹತ್ತಲಿಲ್ಲ.

"ಬಿಡ್ಲಾ, ಬುದ್ಧೀ?"

ಗುರುಗಳು ಹೊಳೆ ನೋಡುತ್ತಿದ್ದರು.

ರಾಚ ತಾನೇ ಅಂದ, "ಬಿಡಲ್ಲ."

ಇದಾಯತ್ ಲಾರಿಯ ಎಂಜಿನ್ನು ಏರಿಸಿದ. ರಾಚ ಮತ್ತೆ ತಿರುಗಿಸಿದ. ಸ್ವಲ್ಪ ತಡೆದು ಮತ್ತೆ ತಿರುಗಿಸಿದ. ತೊಡೆ ನಡುಗುತ್ತಿತ್ತು. ಬೆವರು ಕಣ್ಣಿಗಿಳಿಯಿತು. ಕಾಲು ಮಾತ್ರ ನೆಲ ಬಿಡಲಿಲ್ಲ. ಹಿಂದುಗಡೆ ಕೊಳವೆಯಿಂದ ಹಸಿ ಹೊಗೆ ಬಂತು, ಆಮೇಲೆ ಬಿಳಿ ಹೊಗೆ ಬಂತು. ಎಲ್ಲೋ ಒಳಗೆ ಒಂದು ಕಿಡಿ ಹಾರಿತು. ಅದರ ಹಿಂದೆ ಇನ್ನೊಂದು.

ಬರ್‍ರ್‍ರ್‍.

ಕೆಮ್ಮಿಲ್ಲ, ಢಮಾರ್ ಇಲ್ಲ. ಸಾವಿರ ದುಂಬಿ ಒಟ್ಟಿಗೆ ಹೊರಟ ಹಾಗೆ ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಮರದ ಬುಡದಲ್ಲಿದ್ದ ಹುಣಸೆ ಎಲೆಯೆಲ್ಲ ಹಾರಿ ಇದಾಯತನ ತಲೆ ಮೇಲೆ ಬಿತ್ತು.

"ಮಾಷಾ ಅಲ್ಲಾ" ಅಂದ ಇದಾಯತ್. ವೈರು ಬಿಚ್ಚಿ ಸುತ್ತಿಕೊಂಡ. ಹಗ್ಗವನ್ನೂ ಸುತ್ತಿಕೊಂಡ.

ದೇವಮ್ಮಣ್ಣಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ರಾಚಣ್ಣ ಮಾಡಿಬಿಟ್ಟನಲ್ಲಪ್ಪಾ!"

ರಾಚನಿಗೆ ಕಣ್ಣು ತುಂಬಿ ಬಂತು. ಕೀ ಮೇಲೆ ಕೈ ಇಟ್ಟ. ಎಂಜಿನ್ನು ಆರಿಸಿ ಗುರುಗಳ ಪಾದಕ್ಕೆ ಬೀಳೋಣ ಅಂತ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟ. ಆರಿಸೋದಕ್ಕೆ ಮೊದಲೇ ಗುರುಗಳು ಅವನ ಭುಜ ಹಿಡಿದು ಸೀಟಿಗೆ ಒತ್ತಿದರು.

"ನನ್ನ ಕಾಲಿಗೆ ಆಮೇಲೆ ಬೀಳುವೆಯಂತೆ. ಬಿಸಿಯಾಗೋಕೆ ಮೊದಲೇ ಆರಿಸಿದರೆ ಇದು ಮತ್ತೆ ಕುಡಿದು ಬೀಳುತ್ತೆ. ನಿನ್ನ ಕಾಲು ಅಲ್ಲೇ ಇಡು."